ತಲೆಯ ಸನ್ನೆ

ರತ್ನಾಬಾಯಿ ಹಾಳೆ ತಿರುವಿದ್ದೇ ತಡ, ಆರ್ಗನ್ನಿನ ಸ್ವರ ಎಡವಿ ನಿಂತುಬಿಟ್ಟಿತು.

"ನಾನು ತಲೆ ಆಡಿಸಲೇ ಇಲ್ಲವಲ್ಲ!" ಎಂದರು ಆಸ್ಗರ್ ಮಾಸ್ತರು. "ಇನ್ನೂ ಎರಡು ಸಾಲು ಬಾಕಿ ಇತ್ತು. ಗಮನ ಎಲ್ಲಿದೆ ನಿಮಗೆ?"

"ತಪ್ಪಾಯಿತು, ಮಾಸ್ತರೇ." ಆಕೆ ಹಾಳೆಯನ್ನು ಹಿಂದಕ್ಕೆ ಹಾಕಿದಳು. ಆದರೆ ಅವರ ತಲೆ ಆಡಿತ್ತು. ಕಣ್ಣಾರೆ ಕಂಡಿದ್ದಳು.

ಮಾಸ್ತರು ಡೆನ್ಮಾರ್ಕಿನವರು. ಇಂಗ್ಲಿಷರ ನಾಡಿನ ರೇನರ್ಸ್ ಲೇನಿನ ಆ ಕೆಂಪಿಟ್ಟಿಗೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಲೇ ಕೂದಲು ಬೆಳ್ಳಗಾದವರು. ವಾರದ ದಿನಗಳಲ್ಲಿ ಮಕ್ಕಳಿಗೆ ಮುನ್ನೂರು ನಾನೂರು ವರ್ಷ ಹಿಂದಿನ ಸಂಗೀತವನ್ನು, ಆ ಕಾಲದ ಮರದ ಕೊಳಲನ್ನು ಕಲಿಸುತ್ತಿದ್ದರು. ತೊಂಬತ್ತೆರಡನೇ ಇಸವಿಯಲ್ಲಿ ರತ್ನಾಬಾಯಿ ತನ್ನ ಮಗಳು ಸ್ಫೂರ್ತಿಯನ್ನು ಅವರ ಪಾಠಕ್ಕೆ ಕರೆತಂದು, ಹಿಂದಿನ ಬೆಂಚಿನಲ್ಲಿ ಮುದುಡಿ ಕೂತಿರುತ್ತಿದ್ದಳು. ಪಾಠ ಮುಗಿದ ಒಂದು ಸಂಜೆ ಅವರೇ ಕರೆದರು: "ಚಳಿಯಲ್ಲಿ ಸುಮ್ಮನೆ ಯಾಕೆ ಕೂತಿದ್ದೀರಿ? ಬನ್ನಿ, ನನಗೆ ಹಾಳೆ ತಿರುವಿಕೊಡಿ."

"ನನಗೆ ಈ ಸಂಗೀತದ ಬರಹ ಓದಲಿಕ್ಕೆ ಬರುವುದಿಲ್ಲ."

"ಅದೇ ಒಳ್ಳೆಯದು. ಓದಲು ಬಂದವರು ನನಗಿಂತ ಮುಂದೆ ಓಡುತ್ತಾರೆ. ನೀವು ನನ್ನ ತಲೆ ನೋಡಿ. ಬಗ್ಗಿದರೆ ತಿರುವಿ, ಅಷ್ಟೇ."

ಅಷ್ಟೇ ಎಂದದ್ದು ಹನ್ನೊಂದು ವರ್ಷ ನಡೆಯಿತು. ಮಗಳು ಓದು ಮುಗಿಸಿ ಕೆಲಸ ಹಿಡಿದರೂ ತಾಯಿ ಶನಿವಾರದ ಅಭ್ಯಾಸ, ಭಾನುವಾರದ ಪ್ರಾರ್ಥನೆ ತಪ್ಪಿಸಲಿಲ್ಲ. "ಕೊರಳಾಗ ಲಿಂಗ, ಕೈಯಾಗ ಪಾದ್ರಿ ಹಾಳಿ! ಧಾರವಾಡದ ಅಯ್ಯನೋರು ನೋಡಿದ್ರ ಏನಂದಾರು?" ಎಂದು ಗಂಡ ಶೇಖರಪ್ಪ ಚುಡಾಯಿಸುತ್ತಿದ್ದ. "ಏನಂತಾರ? ಚಲೋತ್ನಂಗ ತಿರುವವ್ವಾ ಅಂತಾರ" ಎಂದು ಆಕೆ ಕೋಟು ಏರಿಸಿಕೊಂಡು ಹೊರಡುತ್ತಿದ್ದಳು.

ಮಾಸ್ತರು ಗದರಿದ ಆ ಶನಿವಾರ ರಾತ್ರಿ ಊಟಕ್ಕೆ ಕೂತ ರತ್ನಾಬಾಯಿ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

"ಯಾಕ, ಪಲ್ಯಾಕ ಉಪ್ಪ ಹಾಕೋದು ಮರ್ತೀಯೇನು?" ಎಂದ ಗಂಡ.

"ಮಾಸ್ತರ ತಲಿ ತಾನಾಗೇ ಆಡಾಕತ್ತೈತ್ರಿ. ಅವರಿಗೆ ಅದು ಗೊತ್ತೇ ಇಲ್ಲ. ಹೋದ ಐತವಾರ ಪ್ರಾರ್ಥನಿ ನಡುವs ಹಂಗಾತು. ಅದನ್ನ ನಡಸೂ ಪಾದ್ರಿಬಾಯಿ ಯಾಕಂತ ಕೇಳಿದ್ಲು, ನನ್ನ ಕಣ್ಣ ಮಂಜ ಆಗ್ಯಾವ ಅಂತ ಹೇಳಿ ಬಂದೆ."

ಶೇಖರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅವರಿಗೆ ಹೇಳಿಬಿಡು ಮತ್ತ."

"ಹ್ಯಾಂಗ ಹೇಳ್ಲಿ? ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಆ ಆರ್ಗನ್ ಪೆಟಗಿ ಮುಂದ ಕೂಡೂದೊಂದs ಐತಿ. ಅಲ್ಲಿಂದ ನಾನೇ ಎಬ್ಬಿಸಿದಂಗ ಆಗತೈತಿ."

"ಹೇಳದಿದ್ರ?"

"ಕ್ರಿಸ್‌ಮಸ್ಸಿಗೆ ಚರ್ಚ್ ತುಂಬಿರತೈತ್ರಿ. ಎಲ್ಲಾರ ಮುಂದ ಹಂಗಾದ್ರ?" ಎಂದು ಆಕೆ ತಟ್ಟೆ ಎತ್ತಿಕೊಂಡು ಎದ್ದಳು.

ಮುಂದಿನ ಶನಿವಾರ ಆಕೆ ಹೆದರಿ ಹೆದರಿಯೇ ನಿಂತಳು. ತಲೆ ಬಗ್ಗಿತು. ಇದು ಸನ್ನೆಯೋ, ನಡುಕವೋ? ತಿಳಿಯದೆ ಕೈ ತಡೆದಳು. ಹಾಳೆ ಮುಗಿದು ಸ್ವರ ನಡುದಾರಿಯಲ್ಲಿ ಕಡಿಯಿತು.

"ಈಗ ಆಡಿಸಿದೆನಲ್ಲ!" ಮಾಸ್ತರು ಕನ್ನಡಕ ತೆಗೆದರು. ಬೈಗುಳದ ಕಾವು ಬಹಳ ಹೊತ್ತು ಉಳಿಯಲಿಲ್ಲ. ಮೆಲ್ಲಗೆ ಹೇಳಿದರು, "ರತ್ನಾ, ನಿಮಗೆ ದಣಿವಾಗಿದೆ. ಕ್ರಿಸ್‌ಮಸ್ಸಿಗೆ ಬೇರೆ ಯಾರನ್ನಾದರೂ ನೋಡುತ್ತೇನೆ. ಬೇಸರ ಮಾಡಿಕೊಳ್ಳಬೇಡಿ."

ಸರಿ ಎಂದು ಹೊರಟುಬಿಡಬಹುದಿತ್ತು. ಕೋಟಿಗೆ ಕೈಯನ್ನೂ ಚಾಚಿದಳು. ಬೇರೆಯವರು ಬರುತ್ತಾರೆ. ಅವರೂ ತಪ್ಪಿ ತಿರುವುತ್ತಾರೆ. ಅವರಿಗೇನು, ಮಾಸ್ತರ ತಲೆ ನಡುಗುತ್ತದೆ ಎಂದು ಎಲ್ಲರೆದುರು ಅಂದುಬಿಡುತ್ತಾರೆ.

ಆರ್ಗನ್ ನುಡಿಸುವವರ ಬೆನ್ನು ಪ್ರಾರ್ಥನೆಯ ಪೀಠದ ಕಡೆಗಿರುತ್ತದೆ. ಪಾದ್ರಿ ಕಾಣಲೆಂದು ತಲೆಯ ಮೇಲ್ಗಡೆ ಕಾರಿನಲ್ಲಿರುವಂಥ ಒಂದು ಕನ್ನಡಿ ಸಿಕ್ಕಿಸಿರುತ್ತಾರೆ. ರತ್ನಾಬಾಯಿ ಕೈ ಎತ್ತಿ ಅದನ್ನು ಕೆಳಕ್ಕೆ ಬಗ್ಗಿಸಿದಳು.

"ಇದೇನು ಮಾಡುತ್ತಿದ್ದೀರಿ?"

"ನುಡಿಸಿ, ಮಾಸ್ತರೇ. ಇದರೊಳಗೆ ನೋಡುತ್ತ ನುಡಿಸಿ."

ಅವರು ರೇಗಿಕೊಂಡೇ ಶುರು ಮಾಡಿದರು. ಮೇಲೆ ನೋಡಿದರು. ಕನ್ನಡಿಯೊಳಗೆ ಆ ಬಿಳಿ ತಲೆ ತನ್ನಷ್ಟಕ್ಕೆ ತಾನು ಬಗ್ಗುತ್ತ, ಏಳುತ್ತ, ಮತ್ತೆ ಬಗ್ಗುತ್ತ ಇತ್ತು. ಕೈಗಳು ನಿಲ್ಲಲಿಲ್ಲ. ಹಾಳೆಯ ಕೊನೆಯ ಸಾಲಿನವರೆಗೂ ಒಂದು ಸ್ವರವೂ ಜಾರದೆ ನಡೆದು, ಅಲ್ಲಿ ಕೀಲಿಮಣೆಯ ಒಂದು ಕೀಲಿಯ ಮೇಲೆ ಬಂದು ನಿಂತವು.

"ಯಾವಾಗಿನಿಂದ?"

"ಎಲೆ ಉದುರುವ ಮೊದಲಿನಿಂದ."

"ಅಷ್ಟು ದಿನವೂ ಬೈಸಿಕೊಂಡಿರಿ."

ಆಕೆ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ನಮ್ಮಪ್ಪನೂ ಆರ್ಗನ್ ನುಡಿಸುತ್ತಿದ್ದ. ಸಮುದ್ರದ ದಂಡೆಯ ಸಣ್ಣ ಊರು," ಎಂದರು ಮಾಸ್ತರು ಕನ್ನಡಿಯಿಂದ ಕಣ್ಣು ಕೀಳದೆ. "ಅವನಿಗೂ ಮೊದಲು ತಲೆಗೆ ಬಂತು. ಆಮೇಲೆ ಕೈಗೆ."

ಎಡಗೈ ಚಾಚಿ ಆರ್ಗನ್ನಿನ ಕೊಳವೆಗಳಿಗೆ ಗಾಳಿ ತುಂಬುವ ಮೋಟಾರಿನ ಸ್ವಿಚ್ಚು ಆರಿಸಿದರು. ಬಲಗೈಯ ಬೆರಳು ಕೀಲಿಯ ಮೇಲೇ ಉಳಿದಿತ್ತು. ಒಳಗೆ ಉಳಿದ ಗಾಳಿಗೆ ಆ ಒಂದು ಸ್ವರ ನುಡಿಯುತ್ತಲೇ ಇತ್ತು. ಗಾಳಿ ಕಡಿಮೆಯಾದಂತೆ ಸ್ವಲ್ಪ ಸ್ವಲ್ಪವೇ ಕುಸಿಯಿತು, ಬೇಸೂರಾಯಿತು, ಕಡೆಗೆ ಉಸಿರಷ್ಟೇ ಆಗಿ ಕೊಳವೆಯೊಳಗೆ ಅಡಗಿತು. ಬೆರಳು ಮೇಲೇಳಲಿಲ್ಲ. ರತ್ನಾಬಾಯಿ ಪಕ್ಕದಲ್ಲಿ ನಿಂತೇ ಇದ್ದಳು.