ಹಿರಿಯರಿಗೆ ಎರೆದ ಸೀಸೆ

ಮೂವತ್ತೊಂದು ವರ್ಷದಿಂದ ನಾನು ನಮ್ಮೂರ ದೊರೆಯ ಬಾಯಿ. ಜಂಬ ಅಂತೀರಾ, ಅನ್ನಿ. ಜಂಬ ನನಗೆ ಒಪ್ಪುತ್ತದೆ. ನಮ್ಮಲ್ಲಿ ಯಾರೂ ದೊರೆಯೊಡನೆ ನೇರವಾಗಿ ಮಾತಾಡುವ ಹಾಗಿಲ್ಲ. ಹೇಳುವುದನ್ನು ನನಗೆ ಹೇಳಬೇಕು. ಒಂದು ಮಾರು ದೂರದಲ್ಲಿ ಕೂತ ದೊರೆಗೆ ಅದು ಕೇಳಿಸಿಯೇ ಇರುತ್ತದೆ. ಆದರೂ ನಾನು ಅದಕ್ಕೆ ಉಪ್ಪು ಖಾರ ಹಾಕಿ ಇನ್ನೊಮ್ಮೆ ಹೇಳಿದ ಮೇಲೆಯೇ ಮುಟ್ಟಿದ ಲೆಕ್ಕ. ದೊರೆಯ ಮಾತೂ ಹಾಗೆಯೇ ನನ್ನಿಂದ ಇಳಿದು ಬರಬೇಕು. ಕೈಯಲ್ಲಿ ಚಿನ್ನದ ತಗಡು ಹೊದಿಸಿದ ಕೋಲು ಹಿಡಿದು ಇಷ್ಟು ವರ್ಷ ಮಾತಾಡಿದ್ದಕ್ಕೆ ಅಮೊಆಕೊ ಎಂಬ ನನ್ನ ಹೆಸರನ್ನೇ ಜನ ಮರೆತಿದ್ದಾರೆ. ಒಚ್ಯಾಮೆ ಎನ್ನುತ್ತಾರೆ, ಮಾತಿನವನು ಅಂತ.

ಇಂಥ ನನ್ನ ಬಾಯಿ ಕಟ್ಟಿಸಿದ್ದು ಒಂದು ಸೀಸೆ.

ಕೋಕೋ ಕೊಳ್ಳುವವರು ಬೇರೆ ಜಾಗಕ್ಕೆ ಹೋದ ಮೇಲೆ ಪೇಟೆಬೀದಿಯ ಅವರ ಉಗ್ರಾಣ ಖಾಲಿ ಬಿದ್ದಿತ್ತು, ಜಾಗ ಅರಮನೆಯದು. ಅದಕ್ಕೆ ಇಬ್ಬರು ಕೈಯೊಡ್ಡಿದ್ದರು. ಒಬ್ಬ ನನ್ನ ಅಕ್ಕನ ಮಗ ಕ್ವಾಬೆನಾ. ಸಾವಿನ ಕೂಟಗಳಿಗೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ಕೊಡುವವನು. ನಮ್ಮೂರಲ್ಲಿ ಅಂಥ ಕೂಟವಿಲ್ಲದ ಶನಿವಾರವೇ ಇಲ್ಲ, ಆದರೂ ಅವನ ಕುರ್ಚಿಗಳು ಮಿಕ್ಕ ದಿನವೆಲ್ಲ ಮಳೆಯಲ್ಲಿ ನೆನೆಯುತ್ತಿದ್ದವು. ಇನ್ನೊಬ್ಬಳು ಹೈಸ್ಕೂಲಿನ ಭೌತಶಾಸ್ತ್ರದ ಟೀಚರ್ ಆಫ್ರಿಯೆ ಸೆರ್ವಾ. ತನ್ನ ಸೊಂಟದ ಮಣಿಸರವನ್ನೇ ಬಿಚ್ಚಿ, ಮೂರು ಮಣಿ ಪೋಣಿಸಿ, ಹೀಗೆ ಮೂರು ಚೂರು ಸೇರಿದರೆ ಒಂದು ಪ್ರೋಟಾನ್ ಎಂದು ಮಕ್ಕಳಿಗೆ ತೋರಿಸುವವಳು. ರಟ್ಟಿನ ಚೀಟಿ, ಅಯಸ್ಕಾಂತ, ಗೋಲಿ ಎಲ್ಲವನ್ನೂ ಒಂದು ಪ್ರಯಾಣದ ಚೀಲದಲ್ಲಿ ತುಂಬಿಕೊಂಡು ಮಾವಿನ ಮರದ ಕೆಳಗೆ ಪಾಠ ಮಾಡುತ್ತಿದ್ದಳು. ಉಗ್ರಾಣ ಸಿಕ್ಕರೆ ಮಕ್ಕಳಷ್ಟೇ ಅಲ್ಲ, ಊರಿನ ಯಾರೇ ಆಗಲಿ ಬಂದು ಕಣ್ಣಿಗೆ ಕಾಣದ ಕಣಗಳನ್ನು ನೋಡಿ ಮುಟ್ಟಿ ಕಲಿಯುವ ಮನೆ ಮಾಡುತ್ತೇನೆ ಎನ್ನುತ್ತಿದ್ದಳು. ಸಿಗದಿದ್ದರೆ ಕುಮಾಸಿ ಪಟ್ಟಣದ ಶಾಲೆ ಕರೆಯುತ್ತಿದೆ, ಹೋಗುತ್ತೇನೆ ಎಂದೂ ಹೇಳಿದ್ದಳು.

ಸುಳ್ಳೇಕೆ, ನನ್ನ ಮನಸ್ಸು ಕುರ್ಚಿಗಳ ಕಡೆಗೇ ಇತ್ತು. ನಮ್ಮಲ್ಲಿ ಅಕ್ಕನ ಮಗನೆಂದರೆ ಸ್ವಂತ ಮಗನಿಗಿಂತ ಹೆಚ್ಚು, ನನ್ನ ಕೋಲು ನಾಳೆ ಅವನಿಗೇ ಹೋಗುವುದು. ದೊರೆ ಮಾತ್ರ, ಕಣ್ಣಿಗೆ ಕಾಣದ್ದನ್ನು ತೋರಿಸುತ್ತೇನೆ ಅಂತಾಳಲ್ಲ, ಹಿರಿಯರಿಗೆ ಎಡೆಯಿಡುವ ಭಾನುವಾರ ಅರಮನೆಯ ಅಂಗಳದಲ್ಲೇ ತೋರಿಸಲಿ, ಅದೇ ದಿನ ತೀರ್ಮಾನ ಹೇಳುತ್ತೇನೆ ಎಂದರು.

ಆ ಭಾನುವಾರ ಬೆಳಿಗ್ಗೆ ಸೆರ್ವಾ ಬಾಡಿಗೆ ವ್ಯಾನಿನಿಂದ ಇಳಿದಳು. ಒಂದು ಗಾಜಿನ ಪೆಟ್ಟಿಗೆ, ಕಪ್ಪು ಬಟ್ಟೆ, ಕುಮಾಸಿಯಿಂದ ತೊಡೆಯ ಮೇಲಿಟ್ಟುಕೊಂಡೇ ತಂದ ಥರ್ಮೋಕೋಲ್ ಡಬ್ಬಿ. ಅದರೊಳಗೆ ನೀರಾಗದೆ ಹೊಗೆಯಾಗಿಯೇ ಕರಗುವ ಡ್ರೈ ಐಸ್. ಒಂದೊಂದೇ ಸಾಮಾನು ಒಳಗೆ ಸಾಗಿಸುವಾಗ ಅವಳು ಒಂದು ಸೀಸೆಯನ್ನು ಹೆಬ್ಬಾಗಿಲ ಬಳಿ ಇಟ್ಟು ಹೋದಳು.

ಅರಮನೆಗೆ ಬರುವವರು ಒಂದು ಸೀಸೆ ಮದ್ಯ ತರುವುದು, ಬಂದ ಸೀಸೆಯಿಂದ ನಾನು ತೀರಿಹೋದ ಹಿರಿಯರಿಗೆಂದು ನೆಲಕ್ಕೆ ಎರೆಯುವುದು, ಇದು ನಮ್ಮ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಪರವಾಗಿಲ್ಲ, ಹುಡುಗಿ ಕ್ರಮ ಬಲ್ಲವಳು ಎಂದುಕೊಂಡೆ. ಸೀಸೆಯ ಮೇಲೆ ಏನೋ ಸಣ್ಣ ಅಕ್ಷರ ಇತ್ತು. ನನ್ನ ಕನ್ನಡಕ ಮನೆಯಲ್ಲಿತ್ತು. ಮುಚ್ಚಳ ತೆಗೆದಾಗ ಘಾಟು ಮೂಗಿಗೆ ಹೊಡೆಯಿತು, ಭಾರಿ ಸರಕು! ಅರ್ಧ ನೆಲಕ್ಕೆ, ಅರ್ಧ ಸಭೆಯ ಮುದುಕರ ಲೋಟಕ್ಕೆ ಎಂಬುದು ರೂಢಿ. ಅವತ್ತು ನನಗೇನು ಉದಾರ ಬುದ್ಧಿ ಬಂತೋ, ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು, ಕೊನೆಯ ಹನಿಯವರೆಗೂ ಅವರಿಗೇ ಎರೆದೆ.

ಸೆರ್ವಾ ಹೊರಗೆ ಬಂದಳು. ಅವಳ ಕೈಯಲ್ಲಿ ಇನ್ನೊಂದು ಸೀಸೆ ಇತ್ತು, ಅಂಗಡಿಯ ಒಳ್ಳೆಯ ಮದ್ಯ, ರಿಬ್ಬನ್ ಕಟ್ಟಿದ್ದು.

"ಒಚ್ಯಾಮೆ, ಇಲ್ಲಿದ್ದ ಸೀಸೆ ಎಲ್ಲಿ?"

ನಾನು ನೆಲ ತೋರಿಸಿದೆ. ಅವಳು ಆ ಒದ್ದೆ ಮಣ್ಣಿನ ಪಕ್ಕದಲ್ಲೇ ಕುಸಿದು ಕೂತಳು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅದು ಲ್ಯಾಬಿನ ಸ್ಪಿರಿಟ್ಟಂತೆ. ಪೆಟ್ಟಿಗೆಯೊಳಗೆ ಅದು ಆವಿಯಾಗಿ, ಐಸಿನ ಚಳಿಗೆ ಮಂಜಾಗಬೇಕು, ಆ ಮಂಜಿನಲ್ಲೇ ಕಣ ಹಾದುಹೋದ ಗೆರೆ ಕಾಣುವುದು. ಅಂಗಡಿಯ ಮದ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಉಪಯೋಗವಿಲ್ಲ. ಕುಮಾಸಿಗೆ ಹೋಗಿ ಬರುವಷ್ಟರಲ್ಲಿ ಐಸು ಇರುವುದಿಲ್ಲ.

ಅಷ್ಟರಲ್ಲಿ ಕ್ವಾಬೆನಾ ನನ್ನ ಕಿವಿಯ ಹತ್ತಿರ ಬಂದು, "ಭಲೇ ಮಾವ, ಯಾರಿಗೂ ಗೊತ್ತಾಗದ ಹಾಗೆ ಮುಗಿಸಿಬಿಟ್ರಿ" ಎಂದು ಕಣ್ಣು ಹೊಡೆದ.

ಮೈ ಉರಿದುಹೋಯಿತು. ಸ್ವಂತ ಅಳಿಯನೇ ಹೀಗೆಂದುಕೊಂಡ ಮೇಲೆ ಊರು ಏನೆಂದುಕೊಳ್ಳುವುದಿಲ್ಲ? ಇನ್ನೊಬ್ಬರ ಮಾತನ್ನು ಮುಟ್ಟಿಸಬೇಕಾದವನು ಅದನ್ನು ಮಣ್ಣಿಗೆ ಚೆಲ್ಲಿದ ಎಂದಾದರೆ, ನನ್ನ ಮೂವತ್ತೊಂದು ವರ್ಷವೂ ಆ ಮಣ್ಣಿಗೇ ಹೋದ ಹಾಗೆ.

ಉಟ್ಟ ಬಟ್ಟೆಯನ್ನು ಮೊಣಕಾಲ ಮೇಲೆತ್ತಿ ಕಟ್ಟಿ ಓಡಿದೆ. ಅರವತ್ತೆಂಟರ ಮುದುಕ, ಚಿನ್ನದ ಕೋಲು ಹಿಡಿದು, ಪೇಟೆಬೀದಿಯ ನಡುವೆ! ಬಾಳೆಕಾಯಿ ಸುಡುವ ಹೆಂಗಸರು ಎದ್ದು ನಿಂತು ನೋಡಿದರು. ಓಡಿದ್ದು ಊರಾಚೆ ತಾಳೆತೋಪಿನಲ್ಲಿ ಸಾರಾಯಿ ಬಟ್ಟಿ ಇಳಿಸುವ ಮಾಮೆ ಫ್ರೆಮಾಳ ಹತ್ತಿರ. ಆ ಬಟ್ಟಿಯನ್ನು ಊರಾಚೆಗೆ ಎತ್ತಿಸಿದವನೂ ನಾನೇ. ದೊರೆಗೆ ಹೊಗೆ ಆಗುವುದಿಲ್ಲವೆಂದು, ಸೊಗಸಾದ ಮಾತಿನಲ್ಲಿ.

ನಾನು ಏದುಸಿರು ಬಿಡುತ್ತ ಅವಳ ತಾಯಿಯ ಕುಲದಿಂದ ಹೊಗಳಿಕೆ ಶುರುಮಾಡಿದೆ. ಅವಳು ಸೌದೆ ತಳ್ಳುತ್ತ, "ಸುತ್ತಿಬಳಸಬೇಡ. ಏನ್ ಬೇಕು ಹೇಳು" ಎಂದಳು.

"ತಪ್ಪು ಮಾಡಿದೀನಿ ಫ್ರೆಮಾ. ನಿನ್ನ ಹತ್ರ ಇರೋದ್ರಲ್ಲಿ ನೀರೇ ಇಲ್ಲದ್ದು ಬೇಕು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಷ್ಟು ವರ್ಷದಲ್ಲಿ ನಿನ್ನ ಬಾಯಿಂದ ಚಿಕ್ಕ ಮಾತು ಕೇಳಿದ್ದು ಇದೇ ಮೊದಲು ಎಂದು ಗೊಣಗುತ್ತ ಗುಡಿಸಲಿಗೆ ಹೋದಳು. ನಾಟಿ ಔಷಧಿಯವರಿಗೆಂದು ಮೂರು ಸಲ ಬಟ್ಟಿ ಇಳಿಸಿ, ಮೊದಲು ಬಂದದ್ದನ್ನಷ್ಟೇ ಹಿಡಿದಿಟ್ಟ ಸೀಸೆ ತಂದಳು. ಚಮಚದಲ್ಲಿ ಒಂದಿಷ್ಟು ಸುರಿದು ಕಡ್ಡಿ ಗೀರಿದಳು. ನೀಲಿ ಉರಿ ಎದ್ದು ಆರಿತು. ಚಮಚದ ತಳವನ್ನು ಬೆರಳಿಂದ ಒರೆಸಿ ತೋರಿಸಿದಳು, ನೀರಿನ ಪಸೆ ಇದ್ದೂ ಇಲ್ಲದಷ್ಟು. ಬಟ್ಟಿಯನ್ನು ಮೊದಲಿನ ಜಾಗಕ್ಕೆ ತರಿಸುತ್ತೀಯಾ ಎಂದು ಕೇಳಿದಳು. ದೊರೆಗೆ ಮುಟ್ಟಿಸುತ್ತೇನೆ ಎಂದೆ. ಅವಳು ನಕ್ಕು ಸೀಸೆ ಕೊಟ್ಟಳು.

ನಾನು ಮರಳಿದಾಗ ದೊರೆ ಪೀಠದ ಮೇಲೆ ಕೂತಾಗಿತ್ತು, ಡೋಲು ನಿಂತಾಗಿತ್ತು. ಐಸು ಅಂಗೈಯಗಲ ಉಳಿದಿತ್ತು. ಸೆರ್ವಾ ಅವಸರವಾಗಿ ಪೆಟ್ಟಿಗೆಯ ಮೇಲ್ಭಾಗದ ಉಣ್ಣೆ ಪಟ್ಟಿಗೆ ಸಾರಾಯಿ ಕುಡಿಸಿ ಮುಚ್ಚಿದಳು. ಆಮೇಲೆ ನನಗೆ ಹೇಳಿದಳು, ನಾನು ದೊರೆಗೆ ಹೇಳಿದೆ: ಆಕಾಶದಾಚೆಯಿಂದ ಯಾವುದೋ ಬಂದು ಎತ್ತರದ ಗಾಳಿಗೆ ಬಡಿದು ಒಡೆಯುತ್ತದೆ, ಅದರ ಚೂರುಗಳು ಹಗಲಿರುಳೂ ನಮ್ಮ ಮೇಲೆ ಸುರಿಯುತ್ತವೆ, ಸೂರು ತಡೆಯುವುದಿಲ್ಲ, ಮೈ ತಡೆಯುವುದಿಲ್ಲ. ಎಷ್ಟು ಉಪ್ಪು ಖಾರ ಹಾಕಿದರೂ ನನ್ನ ಮಾತು ನನಗೇ ಸಪ್ಪೆಯೆನಿಸಿತು. ಮುದುಕರು ಮೀಸೆಯಲ್ಲೇ ನಗುತ್ತಿದ್ದರು.

ನೋಡಬೇಕಾದರೆ ಕಪ್ಪು ಬಟ್ಟೆಯೊಳಗೆ ತಲೆ ಹಾಕಬೇಕು. ದೊರೆ ಎದ್ದರು, ಬಗ್ಗಿದರು. ನಡುವೆ ನಾನಿರಲೇಬೇಕಲ್ಲ, ನಾನೂ ತೂರಿದೆ. ಒಂದೇ ಬಟ್ಟೆಯ ಕೆಳಗೆ ಮೂರು ತಲೆ. ಟಾರ್ಚಿನ ಬೆಳಕಲ್ಲಿ ಬರೀ ಮಂಜು. ಸಾರಾಯಿ ವಾಸನೆ. ಏನೂ ಇಲ್ಲ, ಏನೂ ಇಲ್ಲ.

ಆಗ ಒಂದು ಬಿಳಿಯ ಗೆರೆ ಮೂಡಿತು. ನೂಲಿನಷ್ಟು ತೆಳ್ಳಗೆ, ಈ ಮೂಲೆಯಿಂದ ಆ ಮೂಲೆಗೆ. ಮೂಡಿ, ನಿಧಾನ ಕದಡಿ ಹೋಯಿತು.

ಸೆರ್ವಾ ಎಲ್ಲವನ್ನೂ ಮರೆತು ದೊರೆಯ ಮಣಿಕಟ್ಟನ್ನೇ ಹಿಡಿದುಬಿಟ್ಟಳು. "ಅಗೋ, ಅಲ್ಲಿ. ಕಾಣಿಸ್ತಾ?"

"ಕಾಣಿಸ್ತು ಮಗಳೇ. ಇಗೋ ಇನ್ನೊಂದು. ಇದು ನನ್ನ ಮೈಯೊಳಗೂ ಹೋಗ್ತಾ ಇದೆಯಾ?"

"ಈಗಲೂ. ನಿಮ್ಮ ಅಂಗೈಲಿ ಸೆಕೆಂಡಿಗೆ ಒಂದರ ಹಾಗೆ."

"ನನ್ನನ್ನ ಕೇಳದೇನಾ?"

"ಯಾರನ್ನೂ ಕೇಳಲ್ಲ, ದೊರೆ."

ದೊರೆ ಮಗುವಿನ ಹಾಗೆ ಕಿಸಕ್ಕನೆ ನಕ್ಕರು. ನೇರ ಮಾತು, ನೇರ ಉತ್ತರ! ಒಂದು ಕುರಿ ದಂಡ ಕಟ್ಟುವ ತಪ್ಪು. ತಡೆಯಬೇಕಾದವನು ನಾನು ಬಾಯಿ ತೆರೆದುಕೊಂಡು ಗೆರೆ ನೋಡುತ್ತಿದ್ದೆ. ಕಣ್ಣು ತುಂಬಿ ಬಂದಿತ್ತು, ಅದು ಸಾರಾಯಿ ಘಾಟಿಗಲ್ಲ. ಹುಟ್ಟಿದಾಗಿನಿಂದ ನನ್ನ ಮೇಲೆ ಇದು ಸುರಿಯುತ್ತಿತ್ತು, ನಾನು ಈಗ ನೋಡಿದೆ. ಎಂಥ ಸಂತೋಷ ಅದು!

ಹೊರಗೆ ಬಂದಾಗ ಮುದುಕರು, ಒಳಗೆ ಏನು ಮಾತಾಯಿತು ಎಂದು ಕೇಳಿದರು. ಕೋಲು ನೆಲಕ್ಕೆ ಕುಟ್ಟಿದೆ. "ದೊರೆ ನೋಡಿದರು. ದೊರೆಗೆ ಕಂಡಿತು" ಎಂದೆ. ಮುಂದಿನ ಅಲಂಕಾರಕ್ಕೆ ಎಲ್ಲರೂ ಕಾದರು. ನಾನು ಕೋಲನ್ನು ಹೆಗಲಿಗೆ ಒರಗಿಸಿಕೊಂಡು ದೊರೆಯ ಪಕ್ಕಕ್ಕೆ ಹೋಗಿ ನಿಂತೆ.

ದೊರೆ ನನ್ನ ಕಿವಿಯಲ್ಲಿ ತೀರ್ಮಾನ ಹೇಳಿದರು. ಉಗ್ರಾಣ ಸೆರ್ವಾಳಿಗೆ ಎಂದು ನಾನೇ ಸಾರಿದೆ, ಅಕ್ಕನ ಮಗನ ಮುಖ ನೋಡುತ್ತಲೇ. ಅವನ ಮುಖ ಕಪ್ಪಿಟ್ಟಿತು. ಆದರೆ ಅಷ್ಟರಲ್ಲೇ ಊರೆಲ್ಲ ಪೆಟ್ಟಿಗೆಯ ಮುಂದೆ ಸಾಲುಗಟ್ಟಿತ್ತು. ಸೆರ್ವಾ ಅವನನ್ನೇ ಕರೆದು ಮೊದಲು ಬಟ್ಟೆಯೊಳಗೆ ತೂರಿಸಿದಳು. ಹೊರಗೆ ಬಂದವನು ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. ಆಮೇಲೆ ಬಿಸಿಲಲ್ಲಿ ನಿಂತ ಮುದುಕಿಯರನ್ನು ನೋಡಿ, ಯಾರೂ ಹೇಳದೆಯೇ ಹೋಗಿ ಕುರ್ಚಿ ಹೊತ್ತು ತಂದ. "ಇವು ಉಗ್ರಾಣದಲ್ಲೇ ಇರ್ಲಿ ಬಿಡಿ ಮಾವ, ನೋಡೋಕೆ ಬಂದೋರು ಕೂರ್ಬೇಕಲ್ಲ" ಎಂದ. ಕಿಲಾಡಿ!

ಎಲ್ಲ ಸುಸೂತ್ರವಾಯಿತು ಎಂದುಕೊಳ್ಳುವಾಗ ದೊರೆ ಕೈಯೆತ್ತಿದರು. ಸೀಸೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಆ ಮೊದಲ ಸೀಸೆಯನ್ನು ಒಚ್ಯಾಮೆ ಬೇಕೆಂದೇ ಚೆಲ್ಲಿದನೇ, ಟೀಚರಮ್ಮ ಹೇಳಲಿ ಎಂದರು. ನನ್ನ ಮೇಲಿನ ಆ ಪ್ರಶ್ನೆಯನ್ನು ನಾನೇ ಅವಳಿಗೆ ಮುಟ್ಟಿಸಬೇಕಾಯಿತು.

ಸೆರ್ವಾ ನನ್ನನ್ನೇ ನೋಡುತ್ತ ಹೇಳಿದಳು, "ಒಚ್ಯಾಮೆ, ದೊರೆಗೆ ಹೇಳಿ. ಇವರು ಬೀದೀಲಿ ಓಡಿದ್ದನ್ನ ನಾನು ನೋಡ್ದೆ. ಬೇಕಂತ ಚೆಲ್ಲಿದೋರು ಹಾಗೆ ಓಡಲ್ಲ."

ನಾನು ದೊರೆಯ ಕಡೆ ತಿರುಗಿ ಅದನ್ನು ಹಾಗೆಯೇ ಹೇಳಿದೆ. ಉಪ್ಪೂ ಹಾಕಲಿಲ್ಲ, ಖಾರವೂ ಹಾಕಲಿಲ್ಲ.