ಓಜೋನಮ್ಮನ ಅನುಮಾನ

ಓಜೋನಮ್ಮ ತನ್ನ ಕನ್ನಡಕವನ್ನು ಒರೆಸುವುದಿಲ್ಲ. ಧೂಳು ಕೂತು ಎದುರಿಗೆ ನಿಂತ ಸ್ವಂತ ಗಂಡನೇ ಮಬ್ಬಾಗಿ ಕಂಡರೂ ಸರಿಯೇ, ಕೈ ಮಾತ್ರ ಗಾಜಿನವರೆಗೆ ಹೋಗದು. ಅತ್ತೆಯವರು ಬದುಕಿದ್ದಷ್ಟು ಕಾಲವೂ "ಒರೆಸೋ ಬಟ್ಟೆಗೂ ಇವಳಿಗೂ ಅದ್ಯಾವ ಜನ್ಮದ ವೈರವೋ" ಎಂದು ಗೊಣಗಿದರು. ಪಾಪ, ಅದು ಸೋಮಾರಿತನವಲ್ಲ, ಭಯ. ಈಕೆ ಹಿಂದೊಮ್ಮೆ ಒರೆಸಿದ ಒಂದೇ ಒಂದು ಕನ್ನಡಿ, ನೆಟ್ಟಗಿದ್ದ ಆಕಾಶಕ್ಕೆ ಕಾಯಿಲೆ ಹಚ್ಚಿತ್ತು.

ಆಕೆಯ ಉದ್ಯೋಗ ಹವಾಮಾನ ಕಚೇರಿಯ ತಾರಸಿಯ ಮೇಲೆ. ಅಲ್ಲಿನ ಶೆಡ್ಡಿನಲ್ಲಿ ಆಳುದ್ದದ ಒಂದು ಯಂತ್ರ. ಮೋಡ ಸರಿದಾಗ ಅದನ್ನು ಗಾಡಿಯ ಮೇಲೆ ಹೊರಗೆ ತಳ್ಳಿ, ಬಿಸಿಲಿಗೆ ಮುಖ ಮಾಡಿಸಿ, ಸೂರ್ಯನ ನೇರಳಾತೀತ ಕಿರಣ ಎಷ್ಟು ಕೆಳಗಿಳಿದಿದೆಯೆಂದು ಅಳೆದರೆ, ಅದನ್ನು ಮೇಲೆಯೇ ತಡೆಯುವ ಓಜೋನ್ ಪದರ ಎಷ್ಟು ದಪ್ಪಗಿದೆಯೆಂಬುದು ತಿಳಿಯುತ್ತದೆ. ಗಂಡನ ಹಳೆಯ ಕಂದು ಕೋಟನ್ನು ತೊಟ್ಟು, ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ನಾಲ್ಕು ಹೆಜ್ಜೆ ನಡೆದು ತಟ್ಟನೆ ನಿಂತು ಮೇಲೆ ನೋಡುವ ಆಕೆಯ ನಡಿಗೆ ರಸ್ತೆಯಲ್ಲೂ ಅದೇ. ಹಿಂದೆ ಬಂದವರು ಡಿಕ್ಕಿ ಹೊಡೆದು, ಬೈಯಲು ಬಾಯಿ ತೆರೆದು, ಮುಖ ಕಂಡು "ಓ, ಓಜೋನಮ್ಮನಾ!" ಎಂದು ನಕ್ಕು ಹೋಗುತ್ತಾರೆ.

ಮಾತಿಗೊಂದು "ಸದ್ಯಕ್ಕೆ" ಸೇರಿಸದಿದ್ದರೆ ಆಕೆಗೆ ಸಮಾಧಾನವಿಲ್ಲ. ತಂಗಿಯ ಮಗಳ ಮದುವೆಯಲ್ಲಿ, ಎಲ್ಲರೆದುರು, "ಜೋಡಿ ಚೆನ್ನಾಗಿದೆ ಕಣೇ, ಸದ್ಯಕ್ಕೆ" ಎಂದುಬಿಟ್ಟಳು. ತಂಗಿ ಬಹಳ ದಿನ ಮಾತು ಬಿಟ್ಟಿದ್ದಳು. ಶುಭವನ್ನು ಪೂರ್ತಿಯಾಗಿ ನುಡಿಯಲು ಹೆದರುವ ನಾಲಿಗೆ ಅದು.

ಹೆದರಿಕೆಗೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಂತ್ರದ ಒಳಗನ್ನಡಿಯ ಮೇಲೆ ಧೂಳು ಕಂಡು, ಅಡುಗೆಮನೆಯ ಶ್ರದ್ಧೆಯಿಂದ ಅದನ್ನು ಒರೆಸಿದಳು. ಕನ್ನಡಿ ಕೂದಲೆಳೆಯಷ್ಟು ಜರುಗಿತು. ಓಜೋನಿನ ಅಳತೆಗಳು ಇಳಿಯತೊಡಗಿದವು. ಫ್ರಿಜ್ಜು, ಸ್ಪ್ರೇ ಡಬ್ಬಿಗಳಿಂದ ಸೋರಿದ ಅನಿಲಗಳು ವಾಯುಮಂಡಲದ ಎತ್ತರಕ್ಕೇರಿ, ಬಿಸಿಲಿಗೆ ಒಡೆದು, ಅದರಿಂದ ಹೊರಟ ಕ್ಲೋರಿನ್ನು ಓಜೋನನ್ನು ತಿನ್ನುತ್ತಿದೆಯೆಂದು ಲೋಕವೆಲ್ಲ ಗಾಬರಿಗೊಂಡಿದ್ದ ಕಾಲ ಅದು. ಆ ಮಾರಿ ತನ್ನ ನೆತ್ತಿಯ ಮೇಲೂ ಬಂತೆಂದೇ ಆಕೆ ನಂಬಿದಳು, ವರದಿ ಮಾಡಿದಳು, ಪತ್ರಿಕೆಗಳು ಅದಕ್ಕೆ ಒಗ್ಗರಣೆ ಹಾಕಿದವು. ತಾಯಂದಿರು ಮಕ್ಕಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಕಡೆಗೆ, ಅಳತೆ ಸರಿಯೆಂದು ಖಚಿತವಾದ ಪ್ರಮಾಣಯಂತ್ರವೊಂದನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದರೆ, ಆಕಾಶ ಗಟ್ಟಿಯಾಗಿತ್ತು, ಕನ್ನಡಿ ಓರೆಯಾಗಿತ್ತು! "ಒಂದಿಡೀ ಬೇಸಿಗೆ ಊರ ಮಕ್ಕಳನ್ನ ಒಳಗೆ ಕೂಡಿ ಹಾಕ್ಬಿಟ್ನಲ್ರೀ" ಎಂದು ಗಂಡನೆದುರು ಈಗಲೂ ಕಣ್ಣೀರು ಹಾಕುತ್ತಾಳೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಓಜೋನಮ್ಮ ನೀರನ್ನೂ ಊದಿ ಕುಡಿಯುವವಳಾದಳು.

ಮುಂದೆ ದೇಶದೇಶಗಳು ಕೂಡಿ ಆ ಅನಿಲಗಳನ್ನು ನಿಷೇಧಿಸಿದವು. ಆದರೆ ಮೇಲೆ ಹೋದದ್ದು ಅಷ್ಟು ಸುಲಭಕ್ಕೆ ಕರಗುವುದಲ್ಲ, ದಶಕಗಟ್ಟಲೆ ಅಲ್ಲಿಯೇ ಠಿಕಾಣಿ ಹೂಡಿರುತ್ತದೆ. ಸಾಲದೆಂಬಂತೆ ಯಾವುದೋ ಜ್ವಾಲಾಮುಖಿ ಉಗುಳಿದರೆ ಓಜೋನ್ ಇಳಿಯುತ್ತದೆ, ಸೂರ್ಯನ ಉಗ್ರತೆ ಏರಿದರೆ ಏರುತ್ತದೆ, ಎತ್ತರದ ಗಾಳಿ ದಿಕ್ಕು ಬದಲಿಸಿದರೆ ಅತ್ತಿತ್ತ ಹೊಯ್ದಾಡುತ್ತದೆ. ಇಷ್ಟೆಲ್ಲದರ ನಡುವೆ, ಈಚಿನ ಕೆಲವು ವರ್ಷಗಳಲ್ಲಿ ಆಕೆಯ ಓಜೋನ್ ಅಳತೆಯ ಗೆರೆ ತುಸುತುಸುವೇ ಮೇಲೇರತೊಡಗಿತ್ತು. ಕಚೇರಿಯವರು ಚಪ್ಪಾಳೆ ತಟ್ಟಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಜಾತಿಯ ಈಕೆ ಮತ್ತೆ ಯಂತ್ರವನ್ನು ಬಿಸಿಲಿಗೆ ತಳ್ಳಿದಳು. ಒಳಗೊಳಗೆ ಮಾತ್ರ, ನಿವೃತ್ತಿಯಾಗುವುದರೊಳಗೆ ಆಕಾಶ ವಾಸಿಯಾಗುವುದನ್ನು ಕಣ್ಣಾರೆ ಕಾಣುವೆನೇನೋ ಎಂಬ ಆಸೆ ಚಿಗುರಿತ್ತು.

ಅಷ್ಟರಲ್ಲಿ ಹೊಸ ಯಂತ್ರ ಬಂತು. "ಹಳೇದನ್ನ ಗುಜರಿಗೆ ಹಾಕೋಣ ಮೇಡಂ" ಎಂದರು ಮೇಲಧಿಕಾರಿ. ಎರಡನ್ನೂ ಜೊತೆಗಿಟ್ಟು ಹೋಲಿಸದಿದ್ದರೆ, ನಾಳೆ ಗೆರೆ ಏರಿದರೂ ಇಳಿದರೂ ಅದು ಆಕಾಶದ ಬದಲಾವಣೆಯೋ ಯಂತ್ರದ ಬದಲಾವಣೆಯೋ ಬ್ರಹ್ಮನಿಗೂ ತಿಳಿಯದು.

"ಒಂದು ವರ್ಷ ಎರಡೂ ಅಕ್ಕಪಕ್ಕ ಇರ್ಲಿ ಸರ್. ಇಲ್ದಿದ್ರೆ ಇಷ್ಟು ಕಾಲ ಅಳೆದದ್ದೆಲ್ಲ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ."

"ಅನುಮಾನಕ್ಕೂ ಒಂದು ಮಿತಿ ಬೇಡ್ವಾ ಮೇಡಂ?"

ಹೊರುವವರು ಬಂದೇಬಿಟ್ಟರು. ಜೀವಮಾನದಲ್ಲಿ ದನಿ ಏರಿಸದ ಹೆಂಗಸು ಯಂತ್ರದ ಗಾಡಿಯ ಅಂಚಿನಲ್ಲಿ ಕೂತು, "ಮೊದಲು ನನ್ನ ಎತ್ತಿ, ಆಮೇಲೆ ಇದನ್ನ" ಎಂದಳು. ಮೇಲಧಿಕಾರಿ ತಲೆ ಚಚ್ಚಿಕೊಂಡು ಒಪ್ಪಿದರು.

ವರ್ಷ ತುಂಬಿತು. ಪ್ರಮಾಣಯಂತ್ರಕ್ಕೆ ಸರಿಹೊಂದಿಸಿ ತಂದ ಹೊಸದರ ಪಕ್ಕದಲ್ಲಿ ಹಳೆಯದರ ಗುಟ್ಟು ರಟ್ಟಾಯಿತು: ಹಿಂದೆ ಕನ್ನಡಿ ಸರಿಪಡಿಸಿದಾಗ ಪ್ರಮಾಣಯಂತ್ರಕ್ಕೆ ಸಮನಾಗಿದ್ದದ್ದು, ವರ್ಷದಿಂದ ವರ್ಷಕ್ಕೆ ಚೂರುಚೂರೇ ಹೆಚ್ಚು ತೋರಿಸುತ್ತ ಬಂದಿತ್ತು. ಆ ಹೆಚ್ಚಳವನ್ನು ಕಳೆದರೆ, ಚಪ್ಪಾಳೆ ಗಿಟ್ಟಿಸಿದ ಏರು ಮಾಯ. ಗೆರೆ ನೆಲಕ್ಕೆ ಹಾಸಿದ ಹಗ್ಗದಂತೆ ಮಟ್ಟಸ. ಬಾಯಿ ಮುಚ್ಚಿಕೊಂಡಿದ್ದರೆ ಹಾರ ಹಾಕಿಸಿಕೊಂಡು ನಿವೃತ್ತಳಾಗಬಹುದಿತ್ತು. ಆಕೆಯೇ ಕೂತು ತಿದ್ದಿದಳು.

"ಅಂದ್ರೆ ಆಕಾಶ ವಾಸಿ ಆಗ್ತಿಲ್ವಾ?" ಗಂಡ ಕೇಳಿದ.

"ಕೆಡೋದು ನಿಂತಿದೆ. ವಾಸಿ ಆಗ್ತಿದೆ ಅನ್ನೋಕೆ ನನ್ನ ಹತ್ರ ಸಾಕ್ಷಿ ಇಲ್ಲ ರೀ. ಆದ್ರೆ ಇನ್ಮೇಲೆ ಏರಿದ್ರೆ, ಅದು ನಿಜವಾಗ್ಲೂ ಏರಿದ್ದೇ."

"ನೋಡೋಕೆ ನೀನಿರ್ತೀಯಾ?"

"ಯಾರಾದ್ರೂ ಇರ್ತಾರೆ" ಎಂದು ಗೋಡೆಯ ಕಡೆ ತಿರುಗಿದಳು. ಅತ್ತಳು.

ಇಂಥವರ ಜೊತೆ ಬಾಳುವುದು ಕಷ್ಟ, ಒಪ್ಪಿಕೊಳ್ಳೋಣ. ನಮ್ಮ ನೆಮ್ಮದಿಯ ಬುಡವನ್ನೇ ಅಲ್ಲಾಡಿಸಿ ನೋಡುವ ಜನ. ಸಿಹಿಸುದ್ದಿ ಹಂಚುವವರಿಗೇನು, ಲೋಕದಲ್ಲಿ ಬರವಿಲ್ಲ. ಆದರೆ ತಾವೇ ಹಂಬಲಿಸಿದ ಸಿಹಿಸುದ್ದಿಯನ್ನು ತಮ್ಮ ಕೈಯಾರೆ ಅಳಿಸಿ, ಆಮೇಲೆ ಮರೆಯಲ್ಲಿ ಅಳುವವರು ಕೆಲವರೇ. ಎಂದಾದರೊಂದು ದಿನ ಅಂಥವರ ಬಾಯಿಂದ "ಹೌದು" ಎಂಬ ಮಾತು ಬಂದರೆ, ಅಂದು ಮಕ್ಕಳನ್ನು ಬಿಸಿಲಿಗೆ ಬಿಟ್ಟು ನಾವು ನಿಶ್ಚಿಂತೆಯಿಂದ ಮಲಗಬಹುದು.