ಕಡಿಮೆ ಬರೆದ ಟೆಂಡರು

ತಿಕೋಟಾ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಕಸ ಗುಡಿಸಿ ನೆಲ ತೊಳೆಯುವ ಗುತ್ತಿಗೆ ಇಟ್ಟಂಗಿಹಾಳದ ಬಸಗೊಂಡಪ್ಪನದು. ಅವನ ಕೈಕೆಳಗೆ ಐವರು ಹೆಂಗಸರು. ಮನುಷ್ಯ ಕೆಟ್ಟವನಲ್ಲ, ಪುಕ್ಕಲ. ಗುತ್ತಿಗೆದಾರನಾದವನಿಗೆ ಪುಕ್ಕಲುತನ ಬಲು ದುಬಾರಿ ಎಂಬುದು ಅವನಿಗೆ ಆಗ ಗೊತ್ತಿರಲಿಲ್ಲ.

ಈ ಸಲ ಟೆಂಡರು ಕರೆದಾಗ ವಿಜಯಪುರದಿಂದ ಒಂದು ಗಾಳಿಸುದ್ದಿ ಬಂತು. ಹೊರಗಿನ ದೊಡ್ಡ ಕಂಪನಿಯೊಂದು ಟೆಂಡರು ಹಾಕುತ್ತದಂತೆ, ಅದು ಕಾಲಿಟ್ಟಲ್ಲಿ ಹಳಬರು ಉಳಿಯುವುದಿಲ್ಲವಂತೆ. ಬಸಗೊಂಡಪ್ಪನಿಗೆ ಊಟ ಸೇರದಾಯಿತು. ಹೆಂಗಸರಲ್ಲಿ ಹಿರಿಯಳಾದ ರೇಣುಕವ್ವನೇ ಧೈರ್ಯ ಹೇಳಿದಳು.

"ಕಡಿಮಿ ಬರೀರಿ ಸಾವ್ಕಾರ್ರ. ಮಂದಿ ಕೈಗೆ ಹೋಗೂದು ಬ್ಯಾಡ. ಕೆಲಸ ನಾವು ಹ್ಯಾಂಗರ ಹೊಂದಿಸ್ಕೋತೀವಿ."

ಪಗಾರ ಇಳಿಸಲು ಕಾನೂನು ಬಿಡುವುದಿಲ್ಲ, ಫಿನಾಯಿಲು ಇಲ್ಲದೆ ನಡೆಯುವುದಿಲ್ಲ. ಇಳಿಸಲು ಉಳಿದದ್ದು ಆಳು ಮಾತ್ರ. ಐವರ ಜಾಗದಲ್ಲಿ ನಾಲ್ವರನ್ನು ಹಿಡಿದು ದರ ಕಟ್ಟಿದ. ಆದರೂ ಜೀವ ತಡೆಯದೆ ಅಮೋಘಸಿದ್ಧನ ಗುಡಿಗೆ ಹೋಗಿ ಹೂ ಕೇಳಿದ.

"ಈ ದರಕ್ಕ ಟೆಂಡರ ನನಗ ಸಿಗತೈತೇನೋ, ನಮ್ಮಪ್ಪಾ?"

ಹೂ ಬಲಕ್ಕೆ ಬಿತ್ತು. ಹಳೆಯ ದರಕ್ಕೂ ಸಿಗುತ್ತದೆಯೇ ಎಂದು ಕೇಳುವುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಕೇಳದ ಪ್ರಶ್ನೆಗೆ ದೇವರಾದರೂ ಹೇಗೆ ಉತ್ತರ ಕೊಟ್ಟಾನು? ಬಸಗೊಂಡಪ್ಪ ಅಂದೇ ಟೆಂಡರು ಹಾಕಿ ಬಂದ.

ಟೆಂಡರು ತೆರೆದರು, ಗುತ್ತಿಗೆ ಅವನದೇ ಆಯಿತು. ಆ ಕಂಪನಿ ಬರೆದ ದರ ಅವನ ಹಳೆಯ ದರಕ್ಕಿಂತಲೂ ಬಹಳ ಮೇಲಿತ್ತು. ಐವರನ್ನೂ ಇಟ್ಟುಕೊಂಡೇ ಗೆಲ್ಲಬಹುದಿತ್ತು! ಹಗ್ಗ ಕಂಡು ಹಾವೆಂದು ಹೆದರಿದ ತನ್ನ ಮೇಲೆ ಅವನಿಗೆ ಹೇಸಿಗೆಯಾಯಿತು. ಬರೆದುಕೊಟ್ಟ ದರ ತಿದ್ದುವಂತಿಲ್ಲ. ಕಡಿಮೆಗೆ ಒಪ್ಪಿದವನನ್ನು ಕರೆದು ಸರಕಾರ ಹೆಚ್ಚು ಕೊಟ್ಟದ್ದುಂಟೇ?

ಮರುದಿನ ರೇಣುಕವ್ವ ಪೇಢೆ ಹಿಡಿದುಕೊಂಡು ಬಂದಳು. ವಯಸ್ಸಾದವಳು ಅವಳೊಬ್ಬಳೇ, ಕೆಲಸ ಬಿಡಿಸಬೇಕಾದದ್ದೂ ಅವಳನ್ನೇ. ಅವಳ ಮುಖ ನೋಡಲಾರದೆ ನೆಲ ನೋಡುತ್ತ ಬಸಗೊಂಡಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ.

ರೇಣುಕವ್ವ ಪೇಢೆಯ ಪೊಟ್ಟಣ ಅವನ ಮುಂದಿಟ್ಟಳು.

"ಕಡಿಮಿ ಬರೀರಿ ಅಂದಾಕಿ ನಾನ ಅಲ್ಲೇನ್ರಿ," ಎಂದಳು. "ನಿಮಗ ಏನಂತ ಬೈಲಿ?"

ಹೆರಿಗೆ ವಾರ್ಡು ಇಷ್ಟು ವರ್ಷ ಅವಳ ಪಾಲಿನದಾಗಿತ್ತು. ಹೊರಟವಳು ಬಾಗಿಲಲ್ಲಿ ನಿಂತು ಅದರ ಬಗ್ಗೆ ಕೇಳಿದಳು.

"ಆ ವಾರ್ಡ್ ಇನ್ನ ಯಾರ ತೊಳೀತಾರ್ರಿ?"

"ಇದ್ದ ನಾಕ ಮಂದೀನ ತೊಳೀಬೇಕವ್ವಾ. ದಿನಾ ಆಗೂದಿಲ್ಲ. ಒಂದಿನ ಬಿಟ್ಟ ಒಂದಿನ."

"ಮುಂದಿನ ತಿಂಗಳ ನನ್ನ ಸೊಸಿ ಅಲ್ಲೇ ಹಡಿಯಾಕ ಬರ್ತಾಳ್ರಿ," ಎಂದಳು ರೇಣುಕವ್ವ. "ತೊಳದ ದಿನ ನೋಡಿ ಹಡಿಯವ್ವಾ ಅಂತ ಹೇಳ್ಲೇನ್ರಿ?"